ಮನೆ, ರಸ್ತೆ, ರಜೆ: ಅಮೆರಿಕ ಮತ್ತು ಯುರೋಪಿನ ಬಾಳುವೆ

ಅಮೆರಿಕದಲ್ಲಿ ಇಂದು ಹೊಸದಾಗಿ ಕಟ್ಟುವ ಒಂಟಿ ಮನೆಯ ಸರಾಸರಿ ವಿಸ್ತೀರ್ಣ ಸುಮಾರು 2,400 ಚದರ ಅಡಿ. ಬ್ರಿಟನ್ನಿನ ಹೊಸ ಮನೆ ಅದರ ಅರ್ಧಕ್ಕಿಂತ ಚಿಕ್ಕದು. ಜರ್ಮನಿಯಲ್ಲಿ ಹಳತು ಹೊಸತು, ಮನೆ ಫ್ಲ್ಯಾಟು ಎಲ್ಲವನ್ನೂ ಸೇರಿಸಿ ಲೆಕ್ಕ ಹಾಕಿದರೆ ಸರಾಸರಿ ಸಾವಿರ ಚದರ ಅಡಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಎರಡು ಖಂಡಗಳ ಬದುಕನ್ನು ಹೋಲಿಸುವವರು ಸಾಮಾನ್ಯವಾಗಿ ಇಂಥ ಅಂಕಿಗಳಿಂದ ಹೊರಟು ನೇರ ಸ್ವಭಾವದ ಮಾತಿಗೆ ಜಿಗಿಯುತ್ತಾರೆ: ಅಮೆರಿಕನ್ನರಿಗೆ ಎಲ್ಲವೂ ದೊಡ್ಡದಾಗಿರಬೇಕು, ಯುರೋಪಿನವರು ಇದ್ದುದರಲ್ಲಿ ತೃಪ್ತರು; ಅವರು ದುಡಿಯಲು ಬದುಕುವವರು, ಇವರು ಬದುಕಲು ದುಡಿಯುವವರು. ಈ ಮಾತುಗಳಲ್ಲಿ ಹುರುಳಿಲ್ಲವೆಂದಲ್ಲ. ಆದರೆ 1950ರಲ್ಲಿ ಅಮೆರಿಕದ ಹೊಸ ಮನೆಯೂ ಸಾವಿರ ಚದರ ಅಡಿಯೊಳಗೇ ಇತ್ತು. 1970ರ ಸುಮಾರಿಗೆ ಪಶ್ಚಿಮ ಯುರೋಪಿನ ಕೆಲಸಗಾರ ವರ್ಷಕ್ಕೆ ಹೆಚ್ಚುಕಡಿಮೆ ಅಮೆರಿಕದವನಷ್ಟೇ ಗಂಟೆ ದುಡಿಯುತ್ತಿದ್ದ. ಎರಡು ತಲೆಮಾರಿನಲ್ಲಿ ಜನರ ಸ್ವಭಾವ ಇಷ್ಟೊಂದು ಹೊರಳುವುದಿಲ್ಲ. ಹೊರಳಿದ್ದು ಭೂಮಿಯ ಕಾನೂನು, ಸಾಲದ ಪದ್ಧತಿ, ತೆರಿಗೆಯ ಲೆಕ್ಕ. ಜೊತೆಗೆ, ಕಾಯಿಲೆ, ನಿರುದ್ಯೋಗ, ಮುಪ್ಪು ಬಂದಾಗ ಹೊರೆ ಹೊರುವವರು ಯಾರು ಎಂಬ ಏರ್ಪಾಡು. ಅಮೆರಿಕದಲ್ಲಿ ಆ ಹೊರೆ ಬಹುಪಾಲು ಕುಟುಂಬದ ಮೇಲೆ ಬಿದ್ದಿತು. ಯುರೋಪಿನಲ್ಲಿ ಬಹುಪಾಲು ಸಾರ್ವಜನಿಕ ಬೊಕ್ಕಸದ ಮೇಲೆ. ಮನೆಗಳ ಅಳತೆಯೂ ಮನೋಭಾವಗಳ ಅಂತರವೂ ಇದರ ಬೆಳಕಿನಲ್ಲಿ ಸಾಕಷ್ಟು ಸ್ಪಷ್ಟವಾಗುತ್ತವೆ.

ಯುರೋಪ್ ಒಂದು ದೇಶವಲ್ಲ ಎಂಬುದನ್ನು ಮೊದಲೇ ನೆನಪಿಟ್ಟುಕೊಳ್ಳಬೇಕು. ರೊಮೇನಿಯದಲ್ಲಿ ನೂರಕ್ಕೆ 95ರಷ್ಟು ಜನ ಸ್ವಂತ ಮನೆಯಲ್ಲಿದ್ದಾರೆ. ಸ್ವಿಟ್ಜರ್ಲೆಂಡಿನಲ್ಲಿ ಅರ್ಧದಷ್ಟು ಜನರಿಗೂ ಸ್ವಂತ ಮನೆಯಿಲ್ಲ. ಸುಮಾರು 65ರಷ್ಟಿರುವ ಅಮೆರಿಕ ಇವೆರಡರ ನಡುವೆ ಎಲ್ಲೋ ನಿಲ್ಲುತ್ತದೆ. ಬಡ ದೇಶದಲ್ಲಿ ಸ್ವಂತ ಮನೆ ಹೆಚ್ಚು, ಸಿರಿವಂತ ದೇಶದಲ್ಲಿ ಬಾಡಿಗೆ ಹೆಚ್ಚು ಎಂಬ ಈ ತಿರುವುಮುರುವಿಗೆ ಕಾರಣ 1989ರ ನಂತರದ ಇತಿಹಾಸ. ಕಮ್ಯುನಿಸ್ಟ್ ಆಡಳಿತ ಕುಸಿದ ಮೇಲೆ ಪೂರ್ವ ಯುರೋಪಿನ ಸರ್ಕಾರಗಳು ಕಾಂಕ್ರೀಟ್ ಹಲಗೆಗಳ ಬಹುಮಹಡಿ ವಸತಿಗಳನ್ನು ಅವುಗಳಲ್ಲಿ ವಾಸವಿದ್ದವರಿಗೇ ಅಗ್ಗದ ಬೆಲೆಗೆ ಕೊಟ್ಟುಬಿಟ್ಟವು. ಅಮೆರಿಕವೂ ಏಕರೂಪದ್ದಲ್ಲ, ಮ್ಯಾನ್‌ಹಟನ್ನಿನ ಬಾಡಿಗೆದಾರನಿಗೂ ಟೆಕ್ಸಾಸಿನ ಗೃಹಸ್ಥನಿಗೂ ಬದುಕಿನ ಲೆಕ್ಕಾಚಾರವೇ ಬೇರೆ. ಆದರೂ ಕೆಲವು ವ್ಯತ್ಯಾಸಗಳು ದೇಶದ ಗಡಿಗಳನ್ನು ಮೀರಿ ನಿಲ್ಲುತ್ತವೆ. ಜನಸಾಂದ್ರತೆ ಅವುಗಳಲ್ಲೊಂದು. ಅಮೆರಿಕದಲ್ಲಿ ಚದರ ಕಿಲೋಮೀಟರಿಗೆ 36ರ ಆಸುಪಾಸು ಜನ, ಐರೋಪ್ಯ ಒಕ್ಕೂಟದಲ್ಲಿ ಅದರ ಸುಮಾರು ಮೂರು ಪಟ್ಟು. (2011ರ ಜನಗಣತಿಯಂತೆ ಕರ್ನಾಟಕದಲ್ಲಿ 319, ಈ ಅಳತೆಯಲ್ಲಿ ನೋಡಿದರೆ ಎರಡೂ ಖಂಡಗಳು ವಿರಳ ಜನವಸತಿಯವೇ.)

ಮನೆ ಕಟ್ಟುವ ಸಾಮಗ್ರಿಯಲ್ಲಿ ಈ ಭೂಗೋಳ ಕಣ್ಣಿಗೆ ಬೀಳುತ್ತದೆ. ಯುರೋಪಿನ ಬಹುಭಾಗದಲ್ಲಿ ಕಾಡು ಎಂದೋ ಸವೆದಿತ್ತು. ನಗರಗಳು ಬೆಂಕಿಗೆ ಹೆದರಿದ್ದವು. 1666ರ ಮಹಾ ಅಗ್ನಿದುರಂತದ ಮರುವರ್ಷವೇ ಲಂಡನ್ನಿನಲ್ಲಿ ಹೊಸ ಮನೆಗಳನ್ನು ಇಟ್ಟಿಗೆ ಅಥವಾ ಕಲ್ಲಿನಲ್ಲೇ ಕಟ್ಟಬೇಕೆಂಬ ಕಾನೂನು ಬಂತು. ಅಮೆರಿಕದಲ್ಲಿ ಮರ ಹೇರಳ, ನುರಿತ ಬಡಗಿಗಳು ದುರ್ಲಭ. 1830ರ ದಶಕದಲ್ಲಿ ಶಿಕಾಗೋ ಸುತ್ತಮುತ್ತ ಹಬ್ಬಿದ ಹೊಸ ವಿಧಾನ ಎರಡೂ ಸಮಸ್ಯೆಗೆ ಒಗ್ಗಿತು: ದಪ್ಪ ತೊಲೆಗಳ ಬದಲು ಗರಗಸದ ಗಿರಣಿಯಲ್ಲಿ ಒಂದೇ ಅಳತೆಗೆ ಸೀಳಿದ ತೆಳು ಪಟ್ಟಿಗಳು, ಜೋಡಣೆಯ ಕುಸುರಿಯ ಬದಲು ಯಂತ್ರದಲ್ಲಿ ತಯಾರಾದ ಮೊಳೆ. ಅಮೆರಿಕದ ಒಂಟಿ ಮನೆಗಳಲ್ಲಿ ಹತ್ತಕ್ಕೆ ಒಂಬತ್ತು ಇಂದಿಗೂ ಇದೇ ಚೌಕಟ್ಟಿನ ವಂಶದವು. ಒಳಗೋಡೆ ಜಿಪ್ಸಮ್ ಹಲಗೆಯದು. ಕಲ್ಲುಮನೆಯಲ್ಲಿ ಬೆಳೆದ ಯುರೋಪಿಯನ್ ಅದನ್ನು ಬೆರಳಲ್ಲಿ ತಟ್ಟಿ ನೋಡಿ ರಟ್ಟಿನ ಮನೆಯೆಂದು ಹಂಗಿಸುವುದುಂಟು. ಆದರೆ ಆ ಮನೆಯನ್ನು ಕೆಲವೇ ತಿಂಗಳಲ್ಲಿ ಎಬ್ಬಿಸಬಹುದು, ಗೋಡೆ ಒಡೆದು ಕೋಣೆ ಹಿಗ್ಗಿಸಬಹುದು, ಕೆಡವುವುದೂ ಸುಲಭ. ಅದು ಮಾರಿ ಮುಂದೆ ಹೋಗುವವರ ಮನೆ. 1950 ಮತ್ತು 60ರ ದಶಕಗಳಲ್ಲಿ ಪ್ರತಿ ವರ್ಷ ಅಮೆರಿಕನ್ನರಲ್ಲಿ ಐದಕ್ಕೆ ಒಬ್ಬರು ಮನೆ ಬದಲಿಸುತ್ತಿದ್ದರು. ಈಗ ಆ ಪ್ರಮಾಣ ಹತ್ತಕ್ಕೆ ಒಬ್ಬರಿಗಿಂತ ಕಡಿಮೆಯಾಗಿದೆ. ಊರೂರು ಅಲೆಯುವ ಅಮೆರಿಕನ್ ಎಂಬ ಚಿತ್ರ ಹಳತಾಗುತ್ತಿದ್ದರೂ ಅವನಿಗಾಗಿ ಹುಟ್ಟಿದ ಮನೆಯ ಮಾದರಿ ಹಾಗೇ ಉಳಿದಿದೆ.

ಇಂದಿನ ಅಮೆರಿಕನ್ ಉಪನಗರ ಹುಟ್ಟಿದ್ದು ಮಾತ್ರ ಕಾಡಿನಿಂದಲ್ಲ, ಕಾಗದದಿಂದ. 1930ಕ್ಕೆ ಮುಂಚೆ ಮನೆ ಸಾಲವೆಂದರೆ ಬಹುತೇಕ ಮೂರರಿಂದ ಹತ್ತು ವರ್ಷದ ಸಾಲ. ಅವಧಿ ಮುಗಿದಾಗ ಅಸಲಿನ ದೊಡ್ಡ ಗಂಟನ್ನು ಒಮ್ಮೆಗೇ ತೀರಿಸಬೇಕಿತ್ತು. ಮಹಾ ಆರ್ಥಿಕ ಕುಸಿತದಲ್ಲಿ ಈ ವ್ಯವಸ್ಥೆ ಮಗುಚಿತು. 1934ರಲ್ಲಿ ಸ್ಥಾಪನೆಯಾದ ಒಕ್ಕೂಟ ಸರ್ಕಾರದ ವಸತಿ ಆಡಳಿತ ಬ್ಯಾಂಕುಗಳ ಸಾಲಕ್ಕೆ ವಿಮೆ ಕೊಟ್ಟು, ದೀರ್ಘಾವಧಿಯ, ಸ್ಥಿರ ಬಡ್ಡಿಯ ಕಂತಿನ ಸಾಲವನ್ನು ಸಾಮಾನ್ಯವಾಗಿಸಿತು. ಇಂದಿನ 30 ವರ್ಷದ ಸ್ಥಿರ ಬಡ್ಡಿಯ ಸಾಲ ಅದರದೇ ಮುಂದುವರಿಕೆ. ಡೆನ್ಮಾರ್ಕನ್ನು ಬಿಟ್ಟರೆ ಬೇರೆಲ್ಲೂ ಅದು ಇಷ್ಟು ಸುಲಭವಾಗಿ ಸಿಗದು. 1944ರ ಕಾನೂನು ಯುದ್ಧದಿಂದ ಮರಳಿದ ಸೈನಿಕರಿಗೆ ಮುಂಗಡವಿಲ್ಲದೆಯೇ ಸಾಲದ ದಾರಿ ತೆರೆಯಿತು. ಬಡ್ಡಿಗೆ ತೆರಿಗೆ ವಿನಾಯಿತಿ ಮೊದಲೇ ಇತ್ತು. ಹೀಗೆ ಸರ್ಕಾರ ತಾನೇ ಮನೆ ಕಟ್ಟಿಕೊಡದೆ, ಕೊಳ್ಳುವವನ ಬೆನ್ನಿಗೆ ನಿಂತಿತು. ಸರ್ಕಾರದ ನೆರವಿಲ್ಲದೆ ಬೆಳೆದವರು ಎಂಬ ಹೆಮ್ಮೆ ಅಮೆರಿಕದ ಮಧ್ಯಮ ವರ್ಗಕ್ಕಿದೆ. ಅವರ ಮನೆಯ ಅಡಿಪಾಯದಲ್ಲಿ ಸರ್ಕಾರದ ಖಾತರಿ ಇರುವುದು ಕಣ್ಣಿಗೆ ಕಾಣದು, ಅಷ್ಟೆ.

ನ್ಯೂಯಾರ್ಕಿನ ಲಾಂಗ್ ಐಲೆಂಡಿನ ಆಲೂಗಡ್ಡೆ ಹೊಲಗಳಲ್ಲಿ 1947ರಿಂದ 1951ರವರೆಗೆ ಲೆವಿಟ್ ಕುಟುಂಬದ ಕಂಪನಿ 17,000ಕ್ಕೂ ಹೆಚ್ಚು ಮನೆಗಳನ್ನು ಕಟ್ಟಿತು. ಮೊದಲ ಮನೆಗಳು ಬರೀ 750 ಚದರ ಅಡಿಯವು. ಬೆಲೆ 8,000 ಡಾಲರಿನ ಒಳಗೆ. ಕಾರ್ಖಾನೆಯಲ್ಲಿ ಕಾರು ಸಾಲಿನಲ್ಲಿ ಚಲಿಸಿದರೆ ಇಲ್ಲಿ ಕೆಲಸಗಾರರೇ ಮನೆಯಿಂದ ಮನೆಗೆ ಚಲಿಸಿದರು. ಒಂದೊಂದು ತಂಡಕ್ಕೂ ಒಂದೊಂದೇ ಕೆಲಸ. ಕರಾರಿನಲ್ಲಿ ವಿಚಿತ್ರ ಷರತ್ತುಗಳಿದ್ದವು: ಬೇಲಿ ಹಾಕುವಂತಿಲ್ಲ, ವಾರಕ್ಕೊಮ್ಮೆ ಹುಲ್ಲು ಕತ್ತರಿಸಬೇಕು, ವಾರಾಂತ್ಯದಲ್ಲಿ ಬಟ್ಟೆ ಒಣಹಾಕಬಾರದು. ಇವುಗಳಿಗಿಂತ ಕ್ರೂರವಾದ ಇನ್ನೊಂದು ಷರತ್ತಿತ್ತು: ಬಿಳಿಯರಲ್ಲದವರಿಗೆ ಅಲ್ಲಿ ಮನೆಯಿಲ್ಲ. ಇಂಥ ಷರತ್ತುಗಳನ್ನು ನ್ಯಾಯಾಲಯಗಳು ಜಾರಿ ಮಾಡಕೂಡದೆಂದು ಸುಪ್ರೀಂ ಕೋರ್ಟು 1948ರಲ್ಲಿ ಹೇಳಿದರೂ ಆಚರಣೆ ನಿಲ್ಲಲಿಲ್ಲ. ವಸತಿಯಲ್ಲಿ ಜನಾಂಗ ಭೇದವನ್ನು ಒಕ್ಕೂಟದ ಕಾನೂನು ನಿಷೇಧಿಸಿದ್ದು 1968ರಲ್ಲಿ. ಅಷ್ಟು ಹೊತ್ತಿಗೆ ಒಂದು ತಲೆಮಾರಿನ ಬಿಳಿಯ ಕುಟುಂಬಗಳು ಮನೆಯ ಬೆಲೆ ಏರಿದ್ದರಿಂದಲೇ ಆಸ್ತಿವಂತರಾಗಿದ್ದವು, ಕಪ್ಪು ಕುಟುಂಬಗಳು ಆ ಬಂಡಿ ತಪ್ಪಿಸಿಕೊಂಡಿದ್ದವು. ಎರಡೂ ಜನಾಂಗಗಳ ಸಂಪತ್ತಿನ ನಡುವೆ ಇಂದಿಗೂ ಇರುವ ಕಂದಕಕ್ಕೆ ಇದೊಂದು ಮುಖ್ಯ ಕಾರಣ.

ಭೂಬಳಕೆಯ ಕಾನೂನು ಈ ಮಾದರಿಗೆ ಬೀಗ ಹಾಕಿತು. ಯಾವ ಬೀದಿಯಲ್ಲಿ ಯಾವ ಬಗೆಯ ಕಟ್ಟಡ ಎಂದು ಸ್ಥಳೀಯ ಆಡಳಿತ ನಿರ್ಧರಿಸಬಹುದೆಂದು 1926ರಲ್ಲಿ ಒಹಾಯೋದ ಯೂಕ್ಲಿಡ್ ಗ್ರಾಮದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಒಪ್ಪಿತು. ಆಮೇಲೆ ಲಾಸ್ ಏಂಜಲಿಸ್‌ನಂಥ ನಗರದಲ್ಲೂ ವಸತಿ ಭೂಮಿಯ ಮುಕ್ಕಾಲು ಪಾಲು ಒಂಟಿ ಮನೆಗಳಿಗೇ ಮೀಸಲಾಯಿತು. ಆ ಬೀದಿಯಲ್ಲಿ ಅಂಗಡಿ ಇಲ್ಲ, ಫ್ಲ್ಯಾಟ್ ಇಲ್ಲ, ಕಾಫಿ ಕುಡಿಯುವ ಜಾಗವಿಲ್ಲ. ಇದರ ಮೇಲೆ ಶಾಲೆಯ ಹಣಕಾಸು ಬೇರೆ. ಅಮೆರಿಕದ ಸರ್ಕಾರಿ ಶಾಲೆಗಳಿಗೆ ಬರುವ ಹಣದ ದೊಡ್ಡ ಪಾಲು ಸ್ಥಳೀಯ ಆಸ್ತಿ ತೆರಿಗೆಯದು. 1973ರಲ್ಲಿ ಟೆಕ್ಸಾಸಿನ ಸ್ಯಾನ್ ಆಂಟೋನಿಯೋ ಮೊಕದ್ದಮೆಯಲ್ಲಿ ಇದು ಸಂವಿಧಾನಕ್ಕೆ ವಿರುದ್ಧವಲ್ಲವೆಂದು ತೀರ್ಪಾಯಿತು. ಮನೆ ಎಲ್ಲಿದೆ ಎಂಬುದರ ಮೇಲೆ ಮಗುವಿನ ಶಾಲೆ ನಿಂತರೆ, ಮನೆ ಕೊಳ್ಳುವುದು ತಲೆಯ ಮೇಲೊಂದು ಸೂರು ಮಾಡಿಕೊಳ್ಳುವುದಷ್ಟೇ ಆಗಿ ಉಳಿಯುವುದಿಲ್ಲ. ನೆರೆಯಲ್ಲಿ ಬಡವರ ವಸತಿ ಬರುತ್ತದೆಂದರೆ ಉದಾರ ಮನಸ್ಸಿನವರೂ ಸಭೆಗೆ ಹೋಗಿ ವಿರೋಧಿಸುವುದು ಈ ಕಾರಣಕ್ಕೆ.

ಯುರೋಪು ಅದೇ ದಶಕಗಳಲ್ಲಿ ಬೇರೆ ದಾರಿ ಹಿಡಿಯಿತು. ವಿಯೆನ್ನಾದ ಸಮಾಜವಾದಿ ನಗರಾಡಳಿತ 1923ರಲ್ಲಿ, ಸಿರಿವಂತರ ಮನೆಗೆ ಹೆಚ್ಚು ಹೊರೆ ಬೀಳುವಂತೆ ಏರುಗತಿಯ ವಸತಿ ತೆರಿಗೆ ಹಾಕಿ, ಆ ಹಣದಲ್ಲಿ ಹನ್ನೊಂದು ವರ್ಷದೊಳಗೆ 60,000ಕ್ಕೂ ಹೆಚ್ಚು ಫ್ಲ್ಯಾಟುಗಳನ್ನು ಕಟ್ಟಿಸಿತು. 1930ರಲ್ಲಿ ಮುಗಿದ ಕಾರ್ಲ್ ಮಾರ್ಕ್ಸ್ ಹೋಫ್ ಒಂದು ಕಿಲೋಮೀಟರಿಗೂ ಉದ್ದ, 1,382 ಮನೆಗಳು. ಒಂದೊಂದು ಮನೆಯೂ ಚಿಕ್ಕದು. ಆದರೆ ಜಾಗದ ಐದನೇ ಒಂದು ಪಾಲೂ ಕಟ್ಟಡಕ್ಕೆ ಹೋಗಿರಲಿಲ್ಲ. ಉಳಿದದ್ದು ಅಂಗಳ, ತೋಟ. ಬಟ್ಟೆ ಒಗೆಯುವ ಜಾಗ, ಸ್ನಾನಗೃಹ, ಶಿಶುವಿಹಾರ, ಗ್ರಂಥಾಲಯ, ದವಾಖಾನೆ ಎಲ್ಲರಿಗೂ ಸೇರಿದ್ದವು. ಅಮೆರಿಕದ ಮನೆ ತನ್ನೊಳಗೇ ತುಂಬಿಕೊಂಡದ್ದನ್ನು ವಿಯೆನ್ನಾದ ಮನೆ ಅಂಗಳಕ್ಕೆ ಬಿಟ್ಟುಕೊಟ್ಟಿತ್ತು. 1934ರ ಫೆಬ್ರವರಿಯ ಅಂತರ್ಯುದ್ಧದಲ್ಲಿ ಇದೇ ಕಟ್ಟಡದ ಮೇಲೆ ಫಿರಂಗಿ ಹಾರಿತು. ಸಮಾಜವಾದಿಗಳು ಸೋತರು, ಮನೆಗಳು ಉಳಿದವು. ಇಂದಿಗೂ ವಿಯೆನ್ನಾದ ಸುಮಾರು ಅರ್ಧದಷ್ಟು ಜನ ನಗರಸಭೆಯ ಅಥವಾ ನೆರವು ಪಡೆದ ಸಹಕಾರಿ ವಸತಿಗಳಲ್ಲಿದ್ದಾರೆ. ಅವರಲ್ಲಿ ಶಿಕ್ಷಕರು, ನರ್ಸುಗಳು, ಗುಮಾಸ್ತರು ಎಲ್ಲರೂ ಸೇರಿದ್ದಾರೆ. ಅಮೆರಿಕದಲ್ಲಿ ಸಾರ್ವಜನಿಕ ವಸತಿ ಕಡುಬಡವರಿಗೆ ಮಾತ್ರ ಎಂದಾಯಿತು. ಸೇಂಟ್ ಲೂಯಿಯ ಪ್ರೂಯಿಟ್ ಐಗೋ ವಸತಿ ಸಂಕೀರ್ಣದ 33 ಕಟ್ಟಡಗಳು 1950ರ ದಶಕದ ಮಧ್ಯದಲ್ಲಿ ಎದ್ದು, ನಿರ್ವಹಣೆಗೆ ಹಣವಿಲ್ಲದೆ ಹಾಳಾಗಿ, 1972ರಿಂದ ಒಂದೊಂದಾಗಿ ನೆಲಸಮವಾದವು. ತಪ್ಪನ್ನು ವಾಸ್ತುಶಿಲ್ಪದ ತಲೆಗೆ ಕಟ್ಟಿದ್ದೇ ಹೆಚ್ಚು. ಬಡವರು ಕೊಡುವ ಬಾಡಿಗೆಯಿಂದಲೇ ಬಹುಮಹಡಿ ಕಟ್ಟಡಗಳನ್ನು ನಡೆಸಲು ಹೊರಟ ಲೆಕ್ಕಾಚಾರವನ್ನು ಕೇಳಿದವರು ಕಡಿಮೆ.

ಜರ್ಮನಿಯಲ್ಲಿ ಬಾಡಿಗೆ ಎಂಬುದು ಸ್ವಂತ ಮನೆಯ ದಾರಿಯಲ್ಲಿನ ತಂಗುದಾಣವಲ್ಲ. ಇಡೀ ಬದುಕನ್ನು ಅದರಲ್ಲೇ ಕಳೆಯಬಹುದು. ಯುದ್ಧದಲ್ಲಿ ಮನೆಗಳ ದೊಡ್ಡ ಪಾಲು ನೆಲಕಚ್ಚಿದ ಮೇಲೆ ಪಶ್ಚಿಮ ಜರ್ಮನಿಯ 1950ರ ವಸತಿ ಕಾನೂನು ಬಾಡಿಗೆ ಮನೆ ಕಟ್ಟುವವರಿಗೂ ಧಾರಾಳ ನೆರವು ಕೊಟ್ಟಿತು. ಅಲ್ಲಿನ ಸಾಮಾನ್ಯ ಕರಾರಿಗೆ ಅವಧಿಯ ಮಿತಿಯಿಲ್ಲ. ತಕ್ಕ ಕಾರಣವಿಲ್ಲದೆ ಮಾಲೀಕ ಬಿಡಿಸುವಂತಿಲ್ಲ. ಹಾಗಾಗಿ ಬಾಡಿಗೆದಾರ ಬರುವಾಗ ಅಡುಗೆಮನೆಯ ಕಪಾಟು, ಒಲೆ, ತೊಟ್ಟಿಯನ್ನೂ ತಾನೇ ತರುತ್ತಾನೆ, ಹೋಗುವಾಗ ಬಿಚ್ಚಿಕೊಂಡು ಹೋಗುತ್ತಾನೆ. ಬ್ರಿಟನ್ನಿನ ಕಥೆ ಜರ್ಮನಿ ಮತ್ತು ಅಮೆರಿಕಗಳ ಮಧ್ಯದ್ದು. 1979ರಲ್ಲಿ ಅಲ್ಲಿನ ಕುಟುಂಬಗಳಲ್ಲಿ ಸುಮಾರು ಮೂರನೇ ಒಂದು ಭಾಗ ಪೌರಸಂಸ್ಥೆಗಳ ಮನೆಗಳಲ್ಲಿತ್ತು. ಥ್ಯಾಚರ್ ಸರ್ಕಾರದ 1980ರ ಕಾನೂನು ಅವುಗಳನ್ನು ವಾಸವಿದ್ದವರಿಗೆ ರಿಯಾಯಿತಿ ಬೆಲೆಗೆ ಮಾರಿತು, ಹೊಸದನ್ನು ಆ ಪ್ರಮಾಣದಲ್ಲಿ ಕಟ್ಟಲಿಲ್ಲ.

ಎರಡು ಖಂಡಗಳು ಪರಸ್ಪರ ಕಲಿಯುತ್ತಲೇ ಬಂದಿವೆ ಎಂಬುದಕ್ಕೆ ಅಡುಗೆಮನೆಗಿಂತ ಒಳ್ಳೆಯ ಸಾಕ್ಷಿಯಿಲ್ಲ. ಕಾರ್ಖಾನೆಯ ದಕ್ಷತೆಯ ಲೆಕ್ಕವನ್ನು ಮನೆಗೆಲಸಕ್ಕೆ ಅನ್ವಯಿಸಿದವರು ಅಮೆರಿಕದ ಕ್ರಿಸ್ಟೀನ್ ಫ್ರೆಡರಿಕ್. ಆ ವಿಚಾರವನ್ನೂ ರೈಲಿನ ಊಟದ ಬೋಗಿಯ ಇಕ್ಕಟ್ಟಿನ ಅಡುಗೆಕೋಣೆಯನ್ನೂ ಗಮನದಲ್ಲಿಟ್ಟುಕೊಂಡು ವಿಯೆನ್ನಾದ ವಾಸ್ತುಶಿಲ್ಪಿ ಮಾರ್ಗರೇಟೆ ಶ್ಯುಟ್ಟೆ ಲಿಹೋಟ್ಸ್ಕಿ 1926ರಲ್ಲಿ ಫ್ರಾಂಕ್‌ಫರ್ಟ್ ನಗರಸಭೆಗಾಗಿ ಅಡುಗೆಮನೆಯೊಂದನ್ನು ರೂಪಿಸಿದರು. ಅಗಲ ಎರಡು ಮೀಟರಿಗೂ ಕಡಿಮೆ, ಉದ್ದ ಮೂರೂವರೆ ಮೀಟರಿನೊಳಗೆ. ನಿಂತಲ್ಲೇ ಎಲ್ಲವೂ ಕೈಗೆಟುಕಬೇಕು. ಸುಮಾರು 10,000 ಮನೆಗಳಲ್ಲಿ ಅದು ಕೂತಿತು. ಇಂದು ಜಗತ್ತಿನ ಎಲ್ಲ ನಗರಗಳಲ್ಲಿ ಕಾಣುವ, ಗೋಡೆಗೆ ಜೋಡಿಸಿದ ಅಡುಗೆಮನೆಗಳಿಗೆ ಅದೇ ಮೂಲಮಾದರಿ. ಅಮೆರಿಕದಲ್ಲಿ ಅದೇ ದಕ್ಷತೆಯ ಕನಸು ಬೇರೊಂದು ದಿಕ್ಕಿಗೆ ಬೆಳೆಯಿತು: ಜಾಗ ಕುಗ್ಗುವ ಬದಲು ಯಂತ್ರಗಳು ಹೆಚ್ಚಿದವು. 1959ರಲ್ಲಿ ಮಾಸ್ಕೋದ ಸೊಕೊಲ್ನಿಕಿ ಉದ್ಯಾನದಲ್ಲಿ ನಡೆದ ಅಮೆರಿಕನ್ ಪ್ರದರ್ಶನದಲ್ಲಿ ಉಪಾಧ್ಯಕ್ಷ ನಿಕ್ಸನ್ ಮತ್ತು ಸೋವಿಯತ್ ನಾಯಕ ಕ್ರುಶ್ಚೆವ್ ಇಂಥದೊಂದು ಅಡುಗೆಮನೆಯ ಮುಂದೆ ನಿಂತೇ ಬಂಡವಾಳಶಾಹಿ ಮತ್ತು ಸಮಾಜವಾದದ ಬಗ್ಗೆ ಜಗಳವಾಡಿದರು. ಒಗೆಯುವ ಯಂತ್ರ ರಾಜಕೀಯ ವಾದವಾದದ್ದು ಇತಿಹಾಸದಲ್ಲಿ ಬಹುಶಃ ಅದೇ ಮೊದಲು.

ಸಣ್ಣಪುಟ್ಟ ವ್ಯತ್ಯಾಸಗಳು ಇಂದಿಗೂ ಉಳಿದಿವೆ. ಅಮೆರಿಕದ ಮನೆಯ ವಿದ್ಯುತ್ತು 120 ವೋಲ್ಟಿನದಾದ್ದರಿಂದ ನೀರು ಕಾಯಿಸುವ ಕೆಟಲ್ ಅಲ್ಲಿ ನಿಧಾನ. ಬ್ರಿಟನ್ನಿನಲ್ಲಿ 230 ವೋಲ್ಟು, ಚಹಾ ಬೇಗ. ಇಟಲಿಯ ಮನೆಗಳಲ್ಲಿ ಶೌಚದ ನಂತರ ತೊಳೆದುಕೊಳ್ಳುವ ಬಿಡೆ 1975ರಿಂದ ನಿಯಮದಂತೆ ಕಡ್ಡಾಯ. ಅಮೆರಿಕದಲ್ಲಿ ಅದು ಅಪರೂಪ. ಅಮೆರಿಕದಲ್ಲಿ ಬಟ್ಟೆ ಯಂತ್ರದಲ್ಲಿ ಒಣಗುತ್ತದೆ, ಯುರೋಪಿನಲ್ಲಿ ಬಹುತೇಕ ಹಗ್ಗದ ಮೇಲೆ. ಲೆವಿಟ್‌ನ ಷರತ್ತಿನ ವಂಶಸ್ಥರೆಂಬಂತೆ ಇಂದಿಗೂ ಹಲವು ಅಮೆರಿಕನ್ ಬಡಾವಣೆ ಸಂಘಗಳು ಹಗ್ಗ ಕಟ್ಟುವುದನ್ನು ನಿಷೇಧಿಸುತ್ತವೆ. ಫ್ಲಾರಿಡಾದಂಥ ಕೆಲವು ರಾಜ್ಯಗಳು ಬಟ್ಟೆ ಒಣಹಾಕುವ ಹಕ್ಕನ್ನು ಕಾಪಾಡಲು ಕಾನೂನೇ ಮಾಡಬೇಕಾಯಿತು. ತನ್ನ ನೆಲದಲ್ಲಿ ತಾನೇ ದೊರೆ ಎನ್ನುವ ನಾಡಿನಲ್ಲಿ ಇದೊಂದು ತಮಾಷೆಯ ವಿರೋಧಾಭಾಸ.

ಬಿಸಿಲಿನ ವಿಷಯ ಮಾತ್ರ ತಮಾಷೆಯದಲ್ಲ. ಅಮೆರಿಕದ ಮನೆಗಳಲ್ಲಿ ಹತ್ತಕ್ಕೆ ಒಂಬತ್ತರಲ್ಲಿ ಹವಾನಿಯಂತ್ರಣವಿದೆ. ಯುರೋಪಿನಲ್ಲಿ ಐದಕ್ಕೆ ಒಂದರಷ್ಟು. ವಿಲ್ಲಿಸ್ ಕ್ಯಾರಿಯರ್ 1902ರಲ್ಲಿ ಬ್ರೂಕ್ಲಿನ್ನಿನ ಮುದ್ರಣಾಲಯಕ್ಕೆಂದು ರೂಪಿಸಿದ ಯಂತ್ರದ ಸಂತತಿ ಇಲ್ಲದಿದ್ದರೆ ಯುದ್ಧಾನಂತರ ಫೀನಿಕ್ಸ್, ಹ್ಯೂಸ್ಟನ್‌ಗಳು ಈ ಗಾತ್ರಕ್ಕೆ ಬೆಳೆಯುತ್ತಿರಲಿಲ್ಲ. ಯುರೋಪಿನ ಗೋಡೆ ದಪ್ಪ, ಕಿಟಕಿಗೆ ಹೊರಗಿನಿಂದ ಮುಚ್ಚುವ ಬಾಗಿಲು. ರಾತ್ರಿ ತೆರೆದು ಹಗಲು ಮುಚ್ಚಿದರೆ ಸಾಕೆಂಬ ನಂಬಿಕೆ. 2003ರ ಆಗಸ್ಟಿನಲ್ಲಿ ಆ ನಂಬಿಕೆ ಕೈಕೊಟ್ಟಿತು. ಫ್ರಾನ್ಸ್ ಒಂದರಲ್ಲೇ ಸುಮಾರು 15,000 ಮಂದಿ, ಆ ಬೇಸಿಗೆಯಲ್ಲಿ ಯುರೋಪಿನಾದ್ಯಂತ 70,000ಕ್ಕೂ ಹೆಚ್ಚು ಮಂದಿ ಸತ್ತರು. ಪ್ಯಾರಿಸ್ಸಿನಲ್ಲಿ ಸತು ತಗಡಿನ ಮಾಡಿನ ಕೆಳಗಿನ ಕಿರುಕೋಣೆಗಳಲ್ಲಿ ಒಂಟಿಯಾಗಿದ್ದ ಮುದುಕರಿಗೆ ಆ ಸೆಕೆ ವಿಶೇಷವಾಗಿ ಮಾರಕವಾಯಿತು. ಸಾರ್ವಜನಿಕ ಏರ್ಪಾಡಿನ ಮೇಲೆ ಭಾರ ಹಾಕುವ ಸಮಾಜದಲ್ಲಿ, ಆಗಸ್ಟ್ ರಜೆಗೆ ಎಲ್ಲರೂ ಊರು ಬಿಟ್ಟಾಗ ಆ ಏರ್ಪಾಡೂ ಮಲಗುತ್ತದೆಂಬುದು ಆಗ ಗೊತ್ತಾಯಿತು. ಚಳಿಯ ವಿಷಯದಲ್ಲಿ ಯುರೋಪು ಮುಂದಿದೆ. ಜರ್ಮನಿಯಲ್ಲಿ 1977ರಿಂದಲೇ ಕಟ್ಟಡದ ಶಾಖ ಸೋರಿಕೆಗೆ ಮಿತಿಯಿದೆ; ಬಿಸಿಮಾಡುವ ಯಂತ್ರವೇ ಹೆಚ್ಚುಕಡಿಮೆ ಬೇಡವೆನ್ನುವ ನಿಷ್ಕ್ರಿಯ ಮನೆ 1991ರ ಹೊತ್ತಿಗೆ ಡಾರ್ಮ್‌ಸ್ಟಾಟ್‌ನಲ್ಲಿ ನಿಂತಿತು.

ಮನೆಗಳು ಚದುರಿದ್ದರಿಂದ ರಸ್ತೆ ಹಿಗ್ಗಿತು, ರಸ್ತೆ ಹಿಗ್ಗಿದ್ದರಿಂದ ಮನೆಗಳು ಇನ್ನೂ ಚದುರಿದವು. 1956ರ ಕಾನೂನು 41,000 ಮೈಲಿಯ ಅಂತರರಾಜ್ಯ ಹೆದ್ದಾರಿಗೆ ಹಣ ಕೊಟ್ಟಿತು. ಪೆಟ್ರೋಲಿನ ಮೇಲಿನ ಒಕ್ಕೂಟ ತೆರಿಗೆ ಗ್ಯಾಲನ್ನಿಗೆ 18.4 ಸೆಂಟ್, 1993ರಿಂದ ಅದು ಅಲುಗಿಲ್ಲ. ಯುರೋಪಿನಲ್ಲಿ ಪೆಟ್ರೋಲಿನ ಬೆಲೆಯ ಅರ್ಧದಷ್ಟು ತೆರಿಗೆಯೇ. ನೆದರ್ಲೆಂಡ್ಸ್ ಹುಟ್ಟಿನಿಂದಲೇ ಸೈಕಲ್ ಪ್ರಿಯ ದೇಶವೆಂಬ ಕಲ್ಪನೆ ಅರೆಸತ್ಯ. 1950, 60ರ ದಶಕಗಳಲ್ಲಿ ಅಲ್ಲೂ ಕಾರೇ ಗೆಲ್ಲುತ್ತಿತ್ತು. ರಸ್ತೆಯಲ್ಲಿ ಮಕ್ಕಳು ಸಾಯುವುದರ ವಿರುದ್ಧ 1970ರ ದಶಕದ ಚಳವಳಿ ಮತ್ತು 1973ರ ತೈಲ ಬಿಕ್ಕಟ್ಟು ನೀತಿಯನ್ನು ತಿರುಗಿಸಿದವು. ಫಲ ಲೆಕ್ಕಕ್ಕೆ ಸಿಗುತ್ತದೆ: 2022ರಲ್ಲಿ ಅಮೆರಿಕದ ರಸ್ತೆಗಳಲ್ಲಿ 42,000ಕ್ಕೂ ಹೆಚ್ಚು ಮಂದಿ ಸತ್ತರು, ಅದಕ್ಕಿಂತ ಹೆಚ್ಚು ಜನಸಂಖ್ಯೆಯ ಐರೋಪ್ಯ ಒಕ್ಕೂಟದಲ್ಲಿ ಸುಮಾರು 20,600.

ಈ ಅಧ್ಯಾಯದಲ್ಲಿ ವಿಕ್ಟರ್ ಗ್ರೂಯೆನ್ ಎಂಬ ವಾಸ್ತುಶಿಲ್ಪಿಯ ಬದುಕು ಒಂದು ವ್ಯಂಗ್ಯ ಕಥೆ. ವಿಯೆನ್ನಾದ ಯಹೂದಿಯಾದ ಆತ 1938ರಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಅಮೆರಿಕಕ್ಕೆ ಬಂದರು. ನಡೆದಾಡಲು ಜಾಗವಿಲ್ಲದ ಉಪನಗರಗಳಿಗೆ ವಿಯೆನ್ನಾದ ಚೌಕದಂಥದ್ದೊಂದನ್ನು ಕೊಡಬೇಕೆಂದು ಮಿನೆಸೋಟದ ಎಡೈನಾದಲ್ಲಿ 1956ರಲ್ಲಿ ಸೌತ್‌ಡೇಲ್ ಎಂಬ ಮುಚ್ಚುಚಾವಣಿಯ ಮಾಲ್ ಕಟ್ಟಿದರು. ಸುತ್ತ ಮನೆ, ಶಾಲೆ, ಕೆರೆ, ಉದ್ಯಾನ ಬರಬೇಕೆಂಬುದು ಅವರ ಯೋಜನೆ. ಬಂದದ್ದು ಕಾರು ನಿಲ್ಲಿಸುವ ಡಾಂಬರಿನ ಬಯಲು. ಬೇಸತ್ತು 1968ರಲ್ಲಿ ವಿಯೆನ್ನಾಕ್ಕೆ ಮರಳಿದ ಅವರು, ತಮ್ಮ ಹೆಸರಿನಲ್ಲಿ ಬೆಳೆದ ಮಾಲುಗಳಿಗೂ ತಮಗೂ ಸಂಬಂಧವಿಲ್ಲವೆಂದರು. ಅವರ ಕಣ್ಣೆದುರೇ 1976ರಲ್ಲಿ ವಿಯೆನ್ನಾದ ಅಂಚಿನಲ್ಲಿ ಅಮೆರಿಕನ್ ಮಾದರಿಯ ಬೃಹತ್ ಮಾಲೊಂದು ತೆರೆಯಿತು.

ದುಡಿಮೆಯ ಲೆಕ್ಕದಲ್ಲಿ ಅಮೆರಿಕದ ಕೆಲಸಗಾರ ಈಗ ವರ್ಷಕ್ಕೆ ಸರಾಸರಿ ಸುಮಾರು 1,800 ಗಂಟೆ ದುಡಿಯುತ್ತಾನೆ, ಜರ್ಮನಿಯವನು 1,350ರ ಆಸುಪಾಸು. ಅರೆಕಾಲಿಕ ಕೆಲಸದ ಪ್ರಮಾಣವೂ ಲೆಕ್ಕದ ವಿಧಾನವೂ ಬೇರೆಯಾದ್ದರಿಂದ ಅಂತರವನ್ನು ಸ್ವಲ್ಪ ಕಳೆದು ಓದಬೇಕು. ಆದರೂ ಅಂತರ ಇದೆ. ಫ್ರಾನ್ಸ್ 1936ರಲ್ಲಿ ಎರಡು ವಾರದ ಸಂಬಳದ ರಜೆಯನ್ನು ಕಾನೂನು ಮಾಡಿತು. 1956ರಲ್ಲಿ ಮೂರು, 1969ರಲ್ಲಿ ನಾಲ್ಕು, 1982ರಲ್ಲಿ ಐದು ವಾರವಾಯಿತು. ಐರೋಪ್ಯ ಒಕ್ಕೂಟದ 1993ರ ನಿರ್ದೇಶನ ಎಲ್ಲ ಸದಸ್ಯ ದೇಶಗಳಿಗೂ ಕನಿಷ್ಠ ನಾಲ್ಕು ವಾರ ನಿಗದಿ ಮಾಡಿತು. ಅಮೆರಿಕದ ಒಕ್ಕೂಟ ಕಾನೂನಿನಲ್ಲಿ ಸಂಬಳದ ರಜೆ ಒಂದು ದಿನವೂ ಇಲ್ಲ. ಅದು ಮಾಲೀಕನ ಮರ್ಜಿ ಅಥವಾ ಒಪ್ಪಂದ. ಹೆರಿಗೆಗೆ 1993ರ ಕಾನೂನು ಕೊಡುವುದು 12 ವಾರದ ಸಂಬಳವಿಲ್ಲದ ರಜೆ, ಅದೂ 50 ಜನರಿಗಿಂತ ಕಡಿಮೆ ಇರುವ ಸಂಸ್ಥೆಗಳಿಗೆ ಅನ್ವಯಿಸದು. ಸ್ವೀಡನ್ನಿನಲ್ಲಿ ತಂದೆತಾಯಿ ಇಬ್ಬರಿಗೂ ಸೇರಿ 480 ದಿನ. ದುಡಿಮೆಯ ಈ ಅಂತರಕ್ಕೆ ಕಾರಣವೇನೆಂಬುದರಲ್ಲಿ ಅರ್ಥಶಾಸ್ತ್ರಜ್ಞರಿಗೆ ಒಮ್ಮತವಿಲ್ಲ. ಎಡ್ವರ್ಡ್ ಪ್ರೆಸ್ಕಾಟ್ 2004ರಲ್ಲಿ ಯುರೋಪಿನ ಏರಿದ ತೆರಿಗೆಯನ್ನು ತೋರಿಸಿದರು: ಹೆಚ್ಚುವರಿ ಗಂಟೆಯ ದುಡಿಮೆ ಕೈಗೆ ಉಳಿಸುವುದು ಕಡಿಮೆ. ಆಲ್ಬರ್ಟೊ ಅಲೆಸಿನಾ ಮತ್ತು ಸಂಗಡಿಗರು ಕಾರ್ಮಿಕ ಸಂಘಗಳತ್ತ ಬೊಟ್ಟು ಮಾಡಿದರು. ಎರಡನೆಯದು ಹೆಚ್ಚು ಒಪ್ಪುವಂತಿದೆ. ರಜೆ ಒಬ್ಬನೇ ಅನುಭವಿಸುವ ವಸ್ತುವಲ್ಲ. ಗೆಳೆಯರಿಗೂ ಮಕ್ಕಳಿಗೂ ಒಟ್ಟಿಗೆ ಸಿಕ್ಕಾಗಲೇ ಅದಕ್ಕೆ ಬೆಲೆ. ಜರ್ಮನಿಯ ಸಂವಿಧಾನ ಭಾನುವಾರವನ್ನು ವಿಶ್ರಾಂತಿಯ ದಿನವೆಂದು ಕಾಪಾಡುವುದರ ಹಿಂದೆಯೂ ಇದೇ ತಿಳಿವಳಿಕೆಯಿದೆ.

ಕೈಗೆ ಬರುವ ಆದಾಯದಲ್ಲಿ ಅಮೆರಿಕ ಮುಂದಿದೆ ಎಂಬುದನ್ನು ಮರೆಮಾಚಬಾರದು. ನಡುಮಟ್ಟದ ಕುಟುಂಬವೂ ಪಶ್ಚಿಮ ಯುರೋಪಿನ ಬಹುತೇಕ ದೇಶಗಳದ್ದಕ್ಕಿಂತ ಹೆಚ್ಚು ಗಳಿಸುತ್ತದೆ, ಹೆಚ್ಚು ಕೊಳ್ಳುತ್ತದೆ. ಆದರೆ ಆ ಆದಾಯ ಹೊರಬೇಕಾದ ಭಾರವೂ ಹೆಚ್ಚು. ಜರ್ಮನಿಯಲ್ಲಿ ಬಿಸ್ಮಾರ್ಕ್ 1883ರಲ್ಲಿ ಕಾರ್ಮಿಕರ ಆರೋಗ್ಯ ವಿಮೆ ಆರಂಭಿಸಿದ; ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ 1948ರ ಜುಲೈ 5ರಂದು ಶುರುವಾಯಿತು. ಅಮೆರಿಕದಲ್ಲಿ ಯುದ್ಧಕಾಲದ 1942ರ ವೇತನ ನಿಯಂತ್ರಣದಡಿ ಸಂಬಳ ಏರಿಸಲಾಗದ ಕಂಪನಿಗಳು ಕೆಲಸಗಾರರನ್ನು ಸೆಳೆಯಲು ವಿಮೆ ಕೊಡತೊಡಗಿದವು. ತೆರಿಗೆ ವಿನಾಯಿತಿ ಅದನ್ನು ಗಟ್ಟಿಮಾಡಿತು. ಹೀಗೆ ಆಕಸ್ಮಿಕವಾಗಿ ಆರೋಗ್ಯ ನೌಕರಿಗೆ ಅಂಟಿಕೊಂಡಿತು. ವೃದ್ಧರಿಗೂ ಬಡವರಿಗೂ 1965ರಲ್ಲಿ ಸರ್ಕಾರಿ ವಿಮೆ ಬಂತು, 2010ರ ಒಬಾಮ ಕಾನೂನು ಉಳಿದ ಬಿರುಕನ್ನು ಕಿರಿದಾಗಿಸಿತು, ಮುಚ್ಚಲಿಲ್ಲ. ರಾಷ್ಟ್ರೀಯ ಆದಾಯದ ನೂರಕ್ಕೆ 17ರಷ್ಟನ್ನು ಆರೋಗ್ಯಕ್ಕೆ ಸುರಿದೂ 2022ರಲ್ಲಿ ಅಮೆರಿಕದ ಸರಾಸರಿ ಆಯುಷ್ಯ 77.5 ವರ್ಷ, ಸ್ಪೇನಿನದು ಸುಮಾರು 83. ಉನ್ನತ ಶಿಕ್ಷಣದ ಕಥೆಯೂ ಇಂಥದ್ದೇ: ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಬಹುಪಾಲು ಇಲ್ಲ, ಅಮೆರಿಕದ ವಿದ್ಯಾರ್ಥಿ ಸಾಲ 1.6 ಲಕ್ಷ ಕೋಟಿ ಡಾಲರ್ ದಾಟಿದೆ.

ಮನೋಭಾವದ ಅತಿ ಆಳದ ಬಿರುಕು ಬಡತನದ ಬಗೆಗಿನದು. ಬಡವರು ಸೋಮಾರಿಗಳು ಎಂದು ಅಮೆರಿಕನ್ನರಲ್ಲಿ ನೂರಕ್ಕೆ 60 ಮಂದಿ ನಂಬಿದರೆ ಯುರೋಪಿನಲ್ಲಿ 26 ಮಂದಿ ಎಂದು ಅಲೆಸಿನಾ ಮತ್ತು ಎಡ್ವರ್ಡ್ ಗ್ಲೇಸರ್ 2004ರ ತಮ್ಮ ಪುಸ್ತಕದಲ್ಲಿ ಜಾಗತಿಕ ಮೌಲ್ಯ ಸಮೀಕ್ಷೆಯ ಆಧಾರದಿಂದ ತೋರಿಸಿದರು. ಬಡವನ ಮಗ ಬಡವನಾಗಿಯೇ ಉಳಿಯುವ ಸಂಭವ ಡೆನ್ಮಾರ್ಕಿಗಿಂತ ಅಮೆರಿಕದಲ್ಲೇ ಹೆಚ್ಚು ಎಂಬುದು ನಂಬಿಕೆಗೂ ವಾಸ್ತವಕ್ಕೂ ಇರುವ ದೂರವನ್ನು ಹೇಳುತ್ತದೆ. ಆ ಇಬ್ಬರು ವಿದ್ವಾಂಸರ ವಿವರಣೆ ಎರಡು ಕವಲಿನದು. ಒಂದು, ಅಮೆರಿಕದ ಹಳೆಯ ಸಂವಿಧಾನ ಹಂಚಿಕೆಯ ರಾಜಕೀಯಕ್ಕೆ ಅಡ್ಡಗಟ್ಟುತ್ತದೆ. ಯುರೋಪಿನ ಸಂವಿಧಾನಗಳು ಯುದ್ಧ, ಕ್ರಾಂತಿಗಳ ನಂತರ ಕಾರ್ಮಿಕ ಚಳವಳಿಯ ಒತ್ತಡದಲ್ಲಿ ಮರುಹುಟ್ಟು ಪಡೆದವು. ಇನ್ನೊಂದು, ಜನಾಂಗ. ತನ್ನಂತಲ್ಲದವರಿಗೆ ಹೋಗುವ ನೆರವನ್ನು ಜನ ಬೆಂಬಲಿಸುವುದು ಕಡಿಮೆ. ವಲಸೆ ಹೆಚ್ಚಿದ ಮೇಲೆ ಯುರೋಪಿನಲ್ಲೂ ನೆರವು ನಮ್ಮವರಿಗೆ ಮಾತ್ರ ಎನ್ನುವ ಪಕ್ಷಗಳು ಬಲಗೊಂಡಿರುವುದು ಈ ವಿವರಣೆಗೆ ಪುಷ್ಟಿ ಕೊಡುತ್ತದೆ; ಯುರೋಪಿನ ಔದಾರ್ಯ ರಕ್ತಗತ ಗುಣವಲ್ಲವೆಂದೂ ತಿಳಿಸುತ್ತದೆ.

ಧರ್ಮದಲ್ಲೂ ಅಂತರವಿದೆ. ತಮ್ಮ ಬದುಕಿನಲ್ಲಿ ಧರ್ಮ ಬಹು ಮುಖ್ಯ ಎನ್ನುವವರು 2014ರ ಹೊತ್ತಿಗೂ ಅಮೆರಿಕದಲ್ಲಿ ಅರ್ಧಕ್ಕಿಂತ ಹೆಚ್ಚು, ಜರ್ಮನಿಯಲ್ಲಿ ಹತ್ತಕ್ಕೆ ಒಬ್ಬರ ಸುಮಾರು. ಸರ್ಕಾರಿ ಧರ್ಮ ಕೂಡದೆಂದು 1791ರ ಮೊದಲ ತಿದ್ದುಪಡಿ ಹೇಳಿದ್ದರಿಂದ ಅಮೆರಿಕದ ಚರ್ಚುಗಳು ತಮ್ಮ ಭಕ್ತರನ್ನು ತಾವೇ ಹುಡುಕಿಕೊಳ್ಳಬೇಕಾಯಿತು. ಹೊಸ ಊರಿಗೆ ಬಂದವರಿಗೆ ನೆಂಟರೂ ನೆರವೂ ಅಲ್ಲೇ ಸಿಕ್ಕವು. ಜರ್ಮನಿಯಲ್ಲಿ ಚರ್ಚಿಗೆ ತೆರಿಗೆ ಇಲಾಖೆಯೇ ಹಣ ವಸೂಲಿ ಮಾಡಿಕೊಡುತ್ತದೆ, ಪೀಠಗಳು ಖಾಲಿ. ಪೋಲೆಂಡ್, ರೊಮೇನಿಯಗಳು ಈ ಚಿತ್ರಕ್ಕೆ ಹೊರತು. ಅಮೆರಿಕದಲ್ಲೂ ಯಾವ ಧರ್ಮಕ್ಕೂ ಸೇರದವರು ಈಗ ಸುಮಾರು ಮೂವರಲ್ಲಿ ಒಬ್ಬರು.

ಒಡನಾಟದ ರೀತಿಯನ್ನು ಎಲ್ಲಕ್ಕಿಂತ ಚೆನ್ನಾಗಿ ಬರೆದವರು, 1933ರಲ್ಲಿ ಜರ್ಮನಿ ಬಿಟ್ಟು ಅಮೆರಿಕ ಸೇರಿದ ಮನೋವಿಜ್ಞಾನಿ ಕುರ್ಟ್ ಲೆವಿನ್. 1936ರ ಅವರ ಪ್ರಬಂಧದ ಪ್ರಕಾರ ಅಮೆರಿಕನ್ನನ ವ್ಯಕ್ತಿತ್ವದ ಹೊರಪದರಗಳು ಯಾರಿಗೂ ಸುಲಭವಾಗಿ ತೆರೆಯುತ್ತವೆ, ತಿರುಳಿನ ಸುತ್ತ ಮಾತ್ರ ಗಟ್ಟಿ ಗೋಡೆ. ಜರ್ಮನ್ನನದು ಹೊರಗೋಡೆಯೇ ಗಟ್ಟಿ, ಅದನ್ನು ದಾಟಿದವನಿಗೆ ಒಳಗಿನದೆಲ್ಲ ತೆರೆದಂತೆ. ಬೇಲಿಯಿಲ್ಲದ ಅಮೆರಿಕನ್ ಮುಂದೋಟವೂ ಪೊದೆಬೇಲಿಯ ಹಿಂದಿನ ಜರ್ಮನ್ ತೋಟವೂ ಅದೇ ಮಾತು ಹೇಳುತ್ತವೆ. ಹೋಟೆಲಿನ ಮಾಣಿಯ ನಗುವಿಗೆ ಮಾತ್ರ ಇನ್ನೂ ಸರಳ ಕಾರಣವಿದೆ: ಇನಾಮು ಪಡೆಯುವ ಕೆಲಸಗಾರನಿಗೆ ಅಮೆರಿಕದ ಒಕ್ಕೂಟ ಕಾನೂನಿನ ಕನಿಷ್ಠ ಕೂಲಿ ಗಂಟೆಗೆ 2.13 ಡಾಲರ್, 1991ರಿಂದ ಏರಿಲ್ಲ. ಫ್ರಾನ್ಸಿನಲ್ಲಿ ಸೇವೆಯ ಶುಲ್ಕ ಊಟದ ಬೆಲೆಯಲ್ಲೇ ಸೇರಿದೆ.

ಕನ್ನಡದ ಓದುಗರಿಗೆ ಎರಡು ಖಂಡಗಳು ಬಹುಕಾಲ ಬೇರೆಬೇರೆ ಪುಸ್ತಕಗಳಲ್ಲಿ ದೊರೆತವು: ಯುರೋಪು ಶಿವರಾಮ ಕಾರಂತರ 'ಅಪೂರ್ವ ಪಶ್ಚಿಮ'ದಲ್ಲಿ, ಅಮೆರಿಕ 1980ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ 'ಅಮೆರಿಕದಲ್ಲಿ ಗೊರೂರು' ಕೃತಿಯಲ್ಲಿ. ಈಗ ನ್ಯೂಜೆರ್ಸಿಯಲ್ಲೂ ಮ್ಯೂನಿಕ್‌ನಲ್ಲೂ ಕನ್ನಡ ಕುಟುಂಬಗಳಿವೆ. ಒಂದೇ ಊರಿನಿಂದ, ಒಂದೇ ಕಾಲೇಜಿನಿಂದ ಹೋದವರಲ್ಲಿ ನ್ಯೂಜೆರ್ಸಿಯವರು ಶಾಲೆ ನೋಡಿ ಮನೆ ಕೊಂಡು ಎರಡು ಕಾರು ಇಟ್ಟುಕೊಂಡರೆ ಮ್ಯೂನಿಕ್ಕಿನವರು ಬಾಡಿಗೆ ಫ್ಲ್ಯಾಟಿನಲ್ಲಿದ್ದು ಬೇಸಿಗೆ ರಜೆಯ ಯೋಜನೆ ಹಾಕುತ್ತಾರೆ. ಇದಕ್ಕೆ ಹುಟ್ಟುಗುಣದ ವಿವರಣೆ ಹುಡುಕಿದರೆ ಸಿಗದು.

ಎರಡೂ ಕಡೆ ನೆಲ ಈಗ ಕದಲುತ್ತಿದೆ. ಬರ್ಲಿನ್ನಿನ ಬಾಡಿಗೆ ಮಿತಿಯನ್ನು ಸಂವಿಧಾನ ನ್ಯಾಯಾಲಯ 2021ರ ಏಪ್ರಿಲಿನಲ್ಲಿ ರದ್ದು ಮಾಡಿತು. ಅದೇ ಸೆಪ್ಟೆಂಬರಿನಲ್ಲಿ ದೊಡ್ಡ ಕಂಪನಿಗಳ ಮನೆಗಳನ್ನು ಸಾರ್ವಜನಿಕ ಒಡೆತನಕ್ಕೆ ತರಬೇಕೆಂದು ನಗರದ ಬಹುಮತ ಮತ ಹಾಕಿತು, ಜಾರಿ ಮಾತ್ರ ಆಗಲಿಲ್ಲ. ಇಟಲಿ, ಸ್ಪೇನ್‌ಗಳಲ್ಲಿ ಯುವಕರು ತಂದೆತಾಯಿಯ ಮನೆ ಬಿಡುವ ಸರಾಸರಿ ವಯಸ್ಸು 30ರ ಸುಮಾರಿಗೆ ಹೋಗಿದೆ. ಸೆಕೆಗೆ ಸೋತು ದಕ್ಷಿಣ ಯುರೋಪಿನ ಮನೆಗಳಿಗೆ ಹವಾನಿಯಂತ್ರಕ ಬರುತ್ತಿದೆ. ಅತ್ತ ಅಮೆರಿಕದ ಮಿನಿಯಾಪೊಲಿಸ್ ನಗರ ಒಂಟಿ ಮನೆಗಷ್ಟೇ ಮೀಸಲೆಂಬ ನಿಯಮವನ್ನು 2018ರಲ್ಲಿ ಕೈಬಿಡಲು ತೀರ್ಮಾನಿಸಿತು. ಆರೆಗಾನ್ 2019ರಲ್ಲಿ, ಕ್ಯಾಲಿಫೋರ್ನಿಯ 2021ರಲ್ಲಿ ರಾಜ್ಯಮಟ್ಟದಲ್ಲೇ ಅದನ್ನು ಸಡಿಲಿಸಿದವು. ಸಿಯಾಟಲ್‌ನ ಮತದಾರರು 2023ರ ಫೆಬ್ರವರಿಯಲ್ಲಿ ಬೇರೆಬೇರೆ ಆದಾಯದವರು ಒಟ್ಟಿಗಿರುವ ಸಾರ್ವಜನಿಕ ವಸತಿ ಸಂಸ್ಥೆಯೊಂದನ್ನು ಹುಟ್ಟುಹಾಕಿದರು. ಎರಡು ವರ್ಷದ ನಂತರ, ಅತಿ ಹೆಚ್ಚು ಸಂಬಳ ಕೊಡುವ ಕಂಪನಿಗಳ ಮೇಲೆ ತೆರಿಗೆ ಹಾಕಿ ಅದಕ್ಕೆ ಹಣ ಒದಗಿಸಲೂ ಒಪ್ಪಿದರು.